ಕಳಿಸದೆ ಉಳಿದ ಮಾತುಗಳು

ಡಾನ್ ಕ್ರಿಸ್ಪುಲೊ ಬಾಗಿಲಿಗೆ ಬಂದು ನಿಂತಾಗ ಅವರ ಪ್ಯಾಂಟಿನಿಂದ ಇನ್ನೂ ನದಿಯ ನೀರು ತೊಟ್ಟಿಕ್ಕುತ್ತಿತ್ತು. ಆದರೂ ಮುಖದ ತುಂಬ ನಗು. ಕಾಲು ಕಟ್ಟಿದ ಎರಡು ಕೋಳಿಗಳು ಕೈಯಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದವು.

"ಲಿಂಪಿಯಾ, ಮಗಳೇ, ದೋಣಿ ಮಗುಚಿಬಿಡ್ತು ಕಣಮ್ಮ! ಲಾಂಚಿಂದ ದಡಕ್ಕೆ ಬರೋಷ್ಟರಲ್ಲಿ. ಕೋಳಿ ಹಿಡ್ಕೊಂಡೆ, ಲ್ಯಾಪ್‌ಟಾಪ್ ಚೀಲ ಬಿಟ್ಟೆ. ಮುಳುಗೇ ಹೋಯ್ತು."

"ಅಯ್ಯೋ, ಚೀಲ ಹಿಡ್ಕೋಬಾರದಿತ್ತಾ?"

"ಯಾಕೆ? ಮಾತೆಲ್ಲ ನಿಮ್ಮತ್ರಾನೂ ಇದೆ. ಕೋಳಿಗೆ ಇನ್ನೊಂದು ಪ್ರತಿ ಇದ್ಯಾ?"

ಲಿಂಪಿಯಾಗೆ ನಗು ತಡೆಯಲಾಗಲಿಲ್ಲ. ಒಣ ಬಟ್ಟೆ ಕೊಟ್ಟಳು, ತೆರೆರೆ ಎಂಬ ತಣ್ಣನೆಯ ಎಲೆ ಕಷಾಯಕ್ಕೆಂದು ಮಂಜುಗಡ್ಡೆ ಒಡೆಯಲು ಕೂತಳು. ಮಂಜುಗಡ್ಡೆ ಒಡೆಯುತ್ತಿದ್ದ ಕೈ ಮಧ್ಯದಲ್ಲೇ ನಿಂತಿತು. ನದಿಯ ಮೇಲ್ಭಾಗದ ಊರಿನಿಂದ ಇವರ ಕಡತಗಳು ಬಂದದ್ದನ್ನು ತಾನು ಯಾವಾಗ ಕಡೆಯದಾಗಿ ನೋಡಿದ್ದು?

ಎಲ್ಲರೂ ಗೌರವದಿಂದ ಡಾನ್ ಎನ್ನುವ ಕ್ರಿಸ್ಪುಲೊ ಆ ಊರಿನ ನಿವೃತ್ತ ಮೇಷ್ಟ್ರು. ನದಿಯಂಚಿನ ಒಂದು ಬುಡಕಟ್ಟಿನ ಭಾಷೆ ಫೆರ್ಮಿನಾ ಎಂಬ ಒಬ್ಬ ಮುದುಕಿಯ ಬಾಯಲ್ಲಷ್ಟೇ ಉಳಿದಿತ್ತು. ಮೇಷ್ಟ್ರು ದಿನಾ ಹೋಗಿ ಅವಳೆದುರು ಕೂತು, ಒಂದೊಂದು ಮಾತನ್ನೂ ಬರೆದುಕೊಂಡು, ಅವಳ ದನಿಯನ್ನೂ ಹಿಡಿದಿಟ್ಟಿದ್ದರು. ಫೆರ್ಮಿನಾ ಈ ಜುಲೈ ತಿಂಗಳ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಇಂಥ ಕೆಲಸಕ್ಕೆಂದೇ ನದಿಯ ಕೆಳಗಿನ ರಾಜಧಾನಿ ಅಸುನ್ಸಿಯೋನಿನ ಒಂದು ಗುಂಪು ಬೇರೆ ಬೇರೆ ಊರಿನ ಮೇಷ್ಟ್ರುಗಳಿಗೆಲ್ಲ ಒಂದು ತಂತ್ರಾಂಶ ಕೊಟ್ಟಿತ್ತು. ಬರೆದದ್ದರ ಪ್ರತಿ ಬದಲಾವಣೆಯನ್ನೂ ಅದು ನೆನಪಿಟ್ಟುಕೊಳ್ಳುತ್ತಿತ್ತು. ಒಂದೇ ಖಜಾನೆ ಎಂಬುದಿಲ್ಲ, ಯಾರು ಪ್ರತಿ ಮಾಡಿಕೊಂಡರೂ ಇಡೀ ಚರಿತ್ರೆ ಅವರ ಕೈಗೆ ಬರುತ್ತಿತ್ತು. ಹೊಸಬರಿಗೆ ಅದನ್ನು ತಿಳಿಸಿ ಹೇಳುವ ಕೈಪಿಡಿಯನ್ನು ಬರೆದವಳು ಈ ಕೊನ್ಸೆಪ್ಸಿಯೋನ್ ಊರಿನ ಲಿಂಪಿಯಾ.

ಅವಳು ಕಂಪ್ಯೂಟರ್ ತೆರೆದಳು. ಮೇಷ್ಟ್ರ ಹೆಸರಿನಲ್ಲಿ ಇದ್ದದ್ದು ಕಲಿಯುವಾಗ ಬರೆದು ನೋಡಿದ ಒಂದೇ ಪುಟ.

"ಡಾನ್ ಕ್ರಿಸ್ಪುಲೊ, ಬರೆದದ್ದನ್ನ ಕಳಿಸ್ತಿದ್ರಾ?"

"ದಿನಾ ಉಳಿಸ್ತಿದ್ದೆ. ಏನು ಮಾಡಿದೆ ಅಂತ ಒಂದು ಸಾಲು ಬರೀಬೇಕು ಅಂತ ನೀನಂದಿದ್ದೆ, ಅದೂ ಬರೀತಿದ್ದೆ."

"ಉಳಿಸೋದು ಬೇರೆ, ಕಳಿಸೋದು ಬೇರೆ. ಉಳಿಸಿದ್ದು ನಿಮ್ಮ ಲ್ಯಾಪ್‌ಟಾಪಲ್ಲೇ ಇರುತ್ತೆ. ನೀವಾಗಿ ಕಳಿಸಿದ್ರೆ ಮಾತ್ರ ನಮಗೆ ಬರೋದು."

"'ಉಳಿಸಿದ ಮೇಲೆ ಯಾವುದೂ ಕಳೆದುಹೋಗುವುದಿಲ್ಲ, ಎಲ್ಲರ ಬಳಿಯೂ ಪೂರ್ತಿ ಪ್ರತಿ ಇರುತ್ತದೆ.' ಎರಡನೇ ಪಾಠ. ನಂಗೆ ಬಾಯಿಪಾಠ ಆಗಿದೆ."

"ಕಳಿಸೋದು ಐದನೇ ಪಾಠದಲ್ಲಿದೆ."

"ಎಲ್ಲಾ ಭದ್ರ ಅಂತ ಎರಡರಲ್ಲೇ ಹೇಳಿದ್ಯಲ್ಲ ಮಗಳೇ. ಐದರ ತನಕ ಯಾಕೆ ಹೋಗಲಿ?"

ಲಿಂಪಿಯಾ ಎರಡನೇ ಪಾಠ ತೆರೆದಳು. ಮೊದಲು ಉಳಿಸುವುದು, ಕಳಿಸುವುದು ಎರಡನ್ನೂ ಒಂದೇ ಪಾಠದಲ್ಲಿ ಬರೆದಿದ್ದಳು. ಗುಂಪಿನ ಮುಖ್ಯಸ್ಥ ಗಾಸ್ತೋನ್, "ಶುರುವಲ್ಲೇ ಇಷ್ಟು ತುಂಬಿದ್ರೆ ಹೊಸಬರು ಹೆದರಿ ಓಡ್ತಾರೆ, ಧೈರ್ಯ ತುಂಬು" ಅಂದಿದ್ದ. ಅವಳು ಕಳಿಸುವುದನ್ನು ತೆಗೆದು ಐದನೆಯದಕ್ಕೆ ಹಾಕಿ, ಧೈರ್ಯ ತುಂಬಿದ್ದಳು. 'ಯಾವುದೂ ಕಳೆದುಹೋಗುವುದಿಲ್ಲ' ಎಂಬ ವಾಕ್ಯ ಎಷ್ಟು ಸಲೀಸಾಗಿ ಬಂತೆಂದು ಆಗ ಹೆಮ್ಮೆಯೂ ಆಗಿತ್ತು.

ಇಬ್ಬರೂ ದೋಣಿಕಟ್ಟೆಗೆ ಓಡಿದರು. ಮೀನುಗಾರರು ಗಳ ಹಾಕಿ ಕೆದಕಿದರು, ಬಲೆ ಎಳೆದರು. ಕೆಸರು ಬಂತು, ಒಂದು ಹರಕು ಬೂಟು ಬಂತು. "ಈ ಸೆಳವಲ್ಲಿ ಹುಡುಕೋದಾ? ಅದಾಗ್ಲೇ ಅಸುನ್ಸಿಯೋನಿಗೆ ಟಿಕೆಟ್ ತಗೊಂಡಾಯ್ತು" ಎಂದು ಒಬ್ಬ ನಕ್ಕ. ಬೇರೆ ಯಾರೂ ನಗದಿರುವುದನ್ನು ಕಂಡು ಬಲೆ ಮಡಚತೊಡಗಿದ.

ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ತಟ್ಟನೆ ನಿಂತರು. "ಅರ್ಮಿಂದಾ! ಅವಳಿಗೊಂದು ಪೆನ್‌ಡ್ರೈವ್ ಕೊಟ್ಟಿದ್ದೆ. ನೀನು ಹೇಳಿಕೊಟ್ಟ ಹಾಗೇ ಪ್ರತಿ ಮಾಡಿ."

ಅರ್ಮಿಂದಾ ಫೆರ್ಮಿನಾಳ ಮೊಮ್ಮಗಳು, ಮೇಷ್ಟ್ರ ಊರಿನ ಆಸ್ಪತ್ರೆಯಲ್ಲಿ ನರ್ಸು. ಲಿಂಪಿಯಾ ಅಲ್ಲೇ ನಿಂತು ಫೋನ್ ಮಾಡಿದಳು.

"ಇದೆ ಕಣೇ, ಬೀರುವಲ್ಲೇ ಇದೆ. ನಂಗೆ ಆ ಭಾಷೆ ಬರಲ್ವಲ್ಲ, ತೆಗೆದೇ ನೋಡಿಲ್ಲ" ಎಂದಳು ಅರ್ಮಿಂದಾ.

ಆಸ್ಪತ್ರೆಯ ಕಂಪ್ಯೂಟರಿನಿಂದ ಅದನ್ನು ಕಳಿಸುವಷ್ಟರಲ್ಲಿ ಸಂಜೆಯಾಯಿತು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ತೆರೆಯನ್ನೇ ನೋಡುತ್ತಿದ್ದರು. ಕಡತ ತೆರೆದುಕೊಂಡಿತು. ಪ್ರತಿ ಮಾಡಿದ ದಿನದವರೆಗಿನದು ಒಂದಕ್ಷರ ಬಿಡದೆ ಇತ್ತು. ಕೈಪಿಡಿ ಹೇಳಿದ್ದು ಸುಳ್ಳೇನಲ್ಲ. ಆದರೆ ಆ ದಿನ ಫೆಬ್ರವರಿಯ ಕಾರ್ನಿವಲ್ ಹಬ್ಬಕ್ಕೂ ಹಿಂದಿನದು. ಇದ್ದದ್ದು ಮೀನುಗಳ ಹೆಸರು, ಮೈಯ ಅಂಗಗಳ ಹೆಸರು. ದನಿ ಒಂದೂ ಇಲ್ಲ. ಮುದುಕಿ ಹೇಳಿದ ಕತೆಗಳು, ಬೈಗುಳ, ಸತ್ತವರನ್ನು ಕರೆಯುವ ಹಾಡು, ಎಲ್ಲವೂ ಆ ದಿನದ ನಂತರ ಬರೆದವು.

ಫೋನಿನಲ್ಲಿ ಅರ್ಮಿಂದಾ ಇನ್ನೂ ಕಾಯುತ್ತಿದ್ದಳು. "ಅಜ್ಜಿ ದನಿ ಸಿಕ್ತಾ? ಅಮ್ಮಂಗೆ ಕೇಳಿಸ್ಬೇಕಿತ್ತು."

"ಇಲ್ಲ ಅರ್ಮಿಂದಾ," ಎಂದಳು ಲಿಂಪಿಯಾ. ಅರ್ಮಿಂದಾ ಫೋನ್ ಇಟ್ಟಳು.

"ನಂಗೆ ನೆನಪಿದೆ, ಬರ್ಕೋ," ಎಂದರು ಮೇಷ್ಟ್ರು. ಅವರು ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಮೊದಲು ಸರಾಗವಾಗಿ ಬಂತು. ಆಮೇಲೆ ಒಂದು ಮಾತು ಹೇಳಿ ತಡೆದರು. "ಅಲ್ಲ, ಇದು ಗ್ವಾರಾನಿ, ನಾವು ದಿನಾ ಆಡೋ ಭಾಷೆ." ಇನ್ನೊಂದು ಹೇಳಿದರು. ಅದೂ ಗ್ವಾರಾನಿಯೇ. ಹಾಡಿನ ಮೊದಲ ಸಾಲಿಗೆ ತುಟಿ ಅಲುಗಿತು, ರಾಗ ಮಾತ್ರ ಬಂತು. ಅದನ್ನೇ ಮತ್ತೆ ಮತ್ತೆ ಗುನುಗಿ ಸಾಕುಮಾಡಿದರು.

"ನನ್ನನ್ನ ಬೈದಾದ್ರೂ ಬಿಡಿ," ಎಂದು ಲಿಂಪಿಯಾ ಅತ್ತಳು.

"ಬೈದು ಏನು ಬಂತಮ್ಮ? ಮೇಷ್ಟ್ರು ನಾನು, ಪಾಠ ಪೂರ್ತಿ ಓದ್ಬೇಕಿತ್ತು." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ನದಿಯ ಮೇಲಕ್ಕೆ ಹೋಗುವ ಲಾಂಚು ಹಿಡಿದು ಅವರು ಹೊರಟರು. ಗುಂಪಿನವರು ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇವೆಂದರೆ, "ಅದರಲ್ಲಿ ಏನು ಬರೀಲಿ?" ಎಂದು ಬೇಡವೆಂದರು. ಲಿಂಪಿಯಾ ಎರಡನೇ ಪಾಠವನ್ನು ತಿದ್ದಲು ಕೂತಳು. 'ಉಳಿಸಿದ್ದು ನಿಮ್ಮಲ್ಲೇ ಇರುತ್ತದೆ' ಎಂದು ಬರೆದಳು. ಮುಂದಿನ ವಾಕ್ಯ ಹೊಳೆಯಲಿಲ್ಲ. ಆ ವಾರವೂ ಹೊಳೆಯಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಕೊನೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಗಾಸ್ತೋನಿಗೆ ಹೇಳಿ ಕೆಲಸ ಬಿಟ್ಟಳು.