ಓಟಕ್ಕೆ ಮೊದಲಿನ ಓಟ

ನಾನೂರು ಮೀಟರ್ ಓಟದ ಪಟ್ಟಿಯಲ್ಲಿ ಡೈನಾಳ ಹೆಸರು ಕಂಡ ದಿನದಿಂದ ಅವಳ ತಾಯಿ ರೋಸಲಿನ್‌ಗೆ ಊಟ ಸೇರುತ್ತಿರಲಿಲ್ಲ. ಚೆನ್ನೈಯಲ್ಲಿ ಮಗಳ ಎದೆಗೆ ಬೇರೊಂದು ಮಗುವಿನ ಹೃದಯ ಕೂಡಿಸಿ ಎರಡು ವರ್ಷ ತುಂಬಿರಲಿಲ್ಲ. ಕಾಪುವಿನ ಮನೆಯಿಂದ ಶಾಲೆಯ ತನಕ ಚೀಲ ಹೊರುವವಳು ಈಗಲೂ ರೋಸಲಿನ್ನೇ. ಹನ್ನೆರಡು ವರ್ಷದ ಹುಡುಗಿ ತಾಯಿಯನ್ನು ಕೇಳದೆ ಹೆಸರು ಕೊಟ್ಟು ಬಂದಿದ್ದಳು.

ಬೇಡ ಎಂದು ಹೇಳಿಸಲಿಕ್ಕೆಂದೇ ಮಗಳನ್ನು ಮಣಿಪಾಲಕ್ಕೆ ಕರೆದೊಯ್ದರೆ, ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಓಡಲಿ ಎಂದುಬಿಟ್ಟರು. ಇಂಥ ಮಕ್ಕಳಲ್ಲಿ ಕೆಲವರ ಹೃದಯ ಬೇಗ ಸೋಲುತ್ತದೆ, ಕೆಲವರು ಕಾಲೇಜು ಮೆಟ್ಟಿಲೂ ಹತ್ತುತ್ತಾರೆ. ಇವಳದು ಎಷ್ಟು ವರ್ಷ ಎಂದು ಹೇಳಲಾರೆ, ಇವತ್ತಿಗೆ ಗಟ್ಟಿ ಉಂಟು ಎನ್ನಬಲ್ಲೆ ಎಂದರು. ಒಂದು ಮಾತು ಮಾತ್ರ ನೆನಪಿಡಬೇಕು. ಕೂಡಿಸಿದ ಹೃದಯಕ್ಕೆ ನರಗಳ ಸಂಪರ್ಕ ಇಲ್ಲ, ಕಾಲು ಓಡಿದ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತದೆ. ಹಾಗಾಗಿ ಮೊದಲು ಹತ್ತು ನಿಮಿಷ ಮೆಲ್ಲಗೆ ಓಡಿ ಅದನ್ನು ಎಬ್ಬಿಸಬೇಕು. ಆಮೇಲೆ ತಣ್ಣಗಾಗುವುದೂ ತಡವೇ, ಹೆದರಬಾರದು.

ಕ್ರೀಡಾಕೂಟದ ದಿನ ಡೈನಾ ಮೈದಾನದ ಅಂಚಿನಲ್ಲಿ ಹತ್ತು ನಿಮಿಷ ಓಡಿ, ಬೆವರಿ, ಗೆರೆಯ ಬಳಿ ನಿಂತದ್ದೇ ತಡ, ಮುಖ್ಯ ಅತಿಥಿಗಳ ಕಾರು ಬಂತು. ಆಟದ ಡೊಮಿನಿಕ್ ಮಾಸ್ಟ್ರು ಸೀಟಿಯನ್ನು ಕಿಸೆಗೆ ಹಾಕಿದರು. ಮಕ್ಕಳನ್ನೆಲ್ಲ ನೆಲಕ್ಕೆ ಕೂರಿಸಿ ಭಾಷಣ ಸುರುವಾಯಿತು.

ರೋಸಲಿನ್ ಒಳಗೊಳಗೇ ಹಗುರಾದಳು. ಭಾಷಣ ಮುಗಿಯುವಷ್ಟರಲ್ಲಿ ಎಬ್ಬಿಸಿದ ಹೃದಯ ಮತ್ತೆ ಮಲಗುತ್ತದೆ; ಆಮೇಲೆ ಮಾಸ್ಟ್ರ ಹತ್ತಿರ ಬೇಡ ಎಂದರಾಯಿತು. ತಾನು ಸುಮ್ಮನೆ ಕೂತರೆ ಸಾಕು.

ಅಷ್ಟರಲ್ಲಿ ಆಚೆ ಕಡೆಯಿಂದ ಡೈನಾ ಅವಳನ್ನೇ ನೋಡಿದಳು. ನಾಡಿ ನೋಡಲು ತನ್ನ ಮಣಿಕಟ್ಟು ತಾನೇ ಹಿಡಿದುಕೊಂಡಿದ್ದಳು. ಅಳು ಬಾಯಿಯ ತನಕ ಬಂದು ನಿಂತಿತ್ತು.

ರೋಸಲಿನ್ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನ ದಾಟಿ ಹೋದಳು.

"ಏಳು ಮಗಾ, ಓಡುವ."

ವೇದಿಕೆಯ ಹಿಂದಿನಿಂದ ಒಂದು ಸುತ್ತು, ಎರಡು ಸುತ್ತು. ಅತಿಥಿಗಳು ಶಿಸ್ತಿನ ಬಗ್ಗೆ ಹೇಳುತ್ತಿದ್ದರು. ಕೂತವರ ತಲೆಗಳೆಲ್ಲ ತಾಯಿಮಗಳ ಜೊತೆಗೇ ತಿರುಗುತ್ತಿದ್ದವು. ಮೂರನೇ ಸುತ್ತಿಗೆ ನೆರೆಮನೆಯ ಇಮೆಲ್ಡಾಗೆ ತಡೆಯಲಾಗಲಿಲ್ಲ.

"ರೋಸಲಿನ್, ನೀನು ಯಾವ ಕ್ಲಾಸು ಮಾರಾಯ್ತಿ?"

ನಗು ಹರಡಿತು. ಅತಿಥಿಗಳೂ ಮಾತು ತಡವರಿಸಿ, ಅಲ್ಲಿಗೇ ಶುಭ ಕೋರಿ ಕೂತರು. ಮಾಸ್ಟ್ರು ಸೀಟಿ ಊದಿದರು.

ಎಂಟು ಹುಡುಗಿಯರು. ಅರ್ಧ ಸುತ್ತಿನ ತನಕ ಡೈನಾ ಆರನೆಯವಳು. ತಿರುವಿನಲ್ಲಿ ಉಳಿದವರು ಏದುಸಿರು ಬಿಡುವಾಗ ಅವಳ ಕಾಲು ಬಿಚ್ಚಿಕೊಂಡಿತು. ಐದು, ನಾಲ್ಕು. ಗೆರೆಯ ಹತ್ತಿರ ಎರ್ಮಾಳಿನ ಉದ್ದ ಜಡೆಯ ಹುಡುಗಿಯನ್ನೂ ಹಿಂದೆ ಹಾಕಿ ಮೂರನೆಯವಳಾಗಿ ದಾಟಿದಳು. ಕೂಗಿ ಕೂಗಿ ರೋಸಲಿನ್‌ನ ಗಂಟಲು ಕಟ್ಟಿಹೋಗಿತ್ತು.

ಉಳಿದ ಹುಡುಗಿಯರು ಶರಬತ್ತು ಕುಡಿದು ಮಾತಿಗಿಳಿದರೂ ಡೈನಾಳ ಮಣಿಕಟ್ಟಿನಲ್ಲಿ ನಾಡಿ ದಡದಡ ಎನ್ನುತ್ತಲೇ ಇತ್ತು. ರೋಸಲಿನ್ ಹೆದರಿ ಅಲ್ಲಿ ಬೆರಳೊತ್ತಿ ಹಿಡಿದಳು. ಮರುಗಳಿಗೆ ಡಾಕ್ಟರ ಮಾತು ನೆನಪಾಯಿತು.

"ನಿಂತಿತಾ ಮಮ್ಮಿ?"

"ಇಲ್ಲ. ಅದು ಇನ್ನೂ ಓಡ್ತಾ ಉಂಟು."

ಆಗ ಡೊಮಿನಿಕ್ ಮಾಸ್ಟ್ರು ಬಂದು, ರಿಲೇಗೆ ಒಬ್ಬಳು ಕಮ್ಮಿ, ಡೈನಾಳನ್ನು ಸೇರಿಸಬಹುದಾ ಎಂದು ಅಳುಕುತ್ತಲೇ ಕೇಳಿದರು. ರೋಸಲಿನ್ ಮಗಳ ಕೈ ಬಿಡದೆ ತಲೆಯೆತ್ತಿದಳು.

"ಎಷ್ಟು ಗಂಟೆಗೆ ಮಾಸ್ಟ್ರೇ? ನಡುವೆ ಭಾಷಣ ಉಂಟಾ?"