ಟ್ರೆಮರ್ ಬರೆದ ಚೀಟಿ

ಮೂರನೇ ಸಲ ಬರೆದಾಗಲೂ ಸಾತಪ್ಪನ ಸಹಿ ಗೆರೆ ಬಿಟ್ಟು ಮೇಲಕ್ಕೆ ಓಡಿತು. ದಾಂಡೇಲಿಯ ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಬರೆದುಕೊಡುವ ಅರ್ಜಿ ಅದು. ಹಳೆಯ ಸಹಿಗೆ ಹೊಂದದಿದ್ದರೆ ಪೆನ್ಶನ್ ನಿಲ್ಲುತ್ತದೆ. ಪಕ್ಕದಲ್ಲಿ ಮಗಳು ಪೂರ್ಣಿಮಾ ನಿಂತಿದ್ದಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಕೌಂಟರಿನ ಮುಂದೆ ಬಾಯಿ ತೆರೆದವಳಲ್ಲ.

“ಕಾಕಾ, ಮೂರೂ ಸಹಿ ಮೂರು ಮಂದಿ ಮಾಡಿದಂಗ ಅದಾವ,” ಎಂದ ಕ್ಲರ್ಕ್ ಹರೀಶ. “ಮುಂಜಾನೆನ ಏರಿಸಿ ಬಂದೀರೇನು?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾತಪ್ಪನಿಗೆ ಸಿಟ್ಟೂ ಬರಲಿಲ್ಲ. ಎರಡು ವರ್ಷದಿಂದ ಇದನ್ನೇ ಕೇಳಿ ಕಿವಿ ಕಲ್ಲಾಗಿತ್ತು.

ಪೂರ್ಣಿಮಾ ಡಾಕ್ಟರ ಚೀಟಿ ಮುಂದೆ ಸರಿಸಿದಳು.

“ಟ್ರೆಮರ್,” ಹರೀಶ ಓದಿದ. “ಅಂದ್ರ ನಡುಕ. ಎದರ ನಡುಕ? ಚಳೀದೋ, ಹೆದರಿಕೀದೋ?”

“ಎದರದೂ ಅಲ್ರಿ,” ಎಂದಳು ಪೂರ್ಣಿಮಾ. ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು ಅವಳಿಗೆ. “ನರ್ಸಬಾಯಿ ಹೇಳ್ಯಾರ. ನಡುಕ ಅಂದ್ರ ನಾವು ಎದಕ್ಕ ಅಂತ ಕೇಳ್ತೇವಿ. ಇದಕ್ಕ ಹಂಗ ಕೇಳಾಕ ಬರೂದಿಲ್ಲ. ಕೈ ತಾನ ಅಳ್ಳಾಡತೈತಿ, ತಡದ್ರೂ ನಿಲ್ಲೂದಿಲ್ಲ. ಅದಕ್ಕ ಈ ಇಂಗ್ಲಿಷ್ ಮಾತು ಬರೀತಾರಂತ.”

ಹರೀಶ ಚೀಟಿಯನ್ನು ಅರ್ಜಿಗೆ ಪಿನ್ ಮಾಡಿದ. “ತಪ್ಪು ಮಾತಾಡಿದ್ನಿ, ಕಾಕಾ. ಆದ್ರ ಸಹಿ ಇನ್ನ ಬಿಟ್ಟಬಿಡ್ರಿ. ಹೆಬ್ಬೆಟ್ಟು ಒತ್ತರಿ.”

ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವನು. ಅಳ್ನಾವರ ಕಡೆಯಿಂದ ಕೂಲಿಗೆ ಬಂದ ತನ್ನ ಮನೆತನದಲ್ಲಿ ಹೆಸರು ಬರೆಯಲು ಮೊದಲು ಕಲಿತವನು ಸಾತಪ್ಪ. ಆ ಒಂದು ಸಹಿಯ ಬಲದಿಂದಲೇ ಕಾಗದದ ಮಿಲ್ಲಿನ ಬಿದಿರು ಅಂಗಳಕ್ಕೆ ಮುಕಾದಮನಾಗಿ, ಆಳುಗಳ ಮೇಲ್ವಿಚಾರಕನಾಗಿದ್ದ.

“ಅಪ್ಪಾ, ನಾಳೆ ಬರೂಣೇನು?”

“ನಾಳೆ ಕೈ ನಿಲ್ಲತೈತೇನು?”

ಹರೀಶ ಶಾಯಿಯ ಡಬ್ಬಿ ತೆರೆದ. ಸಾತಪ್ಪ ಎಡಗೈ ಹೆಬ್ಬೆರಳು ಅದ್ದಿ ಒತ್ತಿದ. ಗುರುತು ಕಲಸಿಹೋಯಿತು. ಹರೀಶ ಇನ್ನೊಂದು ಅರ್ಜಿ ಕೊಟ್ಟ.

“ನೀ ಹಿಡಿ,” ಎಂದ ಸಾತಪ್ಪ ಮಗಳಿಗೆ. “ನಾ ಒತ್ತೂದಿಲ್ಲ, ಸಡ್ಲ ಬಿಡ್ತೇನಿ. ಈ ಮಗ್ಗಲಿಂದ ಆ ಮಗ್ಗಲಕ್ಕ ಉಳ್ಳಸು. ತಿಕ್ಕಬ್ಯಾಡ.”

ಬಿದಿರು ಇಳಿಸುವ ಆಳುಗಳ ಹೆಬ್ಬೆರಳನ್ನು ಮೂವತ್ತು ವರ್ಷ ಹಾಜರಿ ಪುಸ್ತಕದ ಮೇಲೆ ಹೀಗೇ ಉರುಳಿಸಿ, ಮುಂದಿನವನನ್ನು ಕರೆದವನು ಅವನು.

ಪೂರ್ಣಿಮಾ ಹಿಡಿದಳು. ನಡುಕ ಅವಳ ಮೊಣಕೈವರೆಗೂ ಏರಿತು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಉರುಳಿಸಿದಳು.

ಗೆರೆಗಳೆಲ್ಲ ಬಿಡಿಬಿಡಿಯಾಗಿ ಮೂಡಿದ್ದವು. ಸಾತಪ್ಪ ನೋಡಲೆಂದು ಕಾಗದ ಎತ್ತಿದ; ಅದು ಪಟಪಟ ಬಡಿಯಿತು. ಮತ್ತೆ ಕೆಳಗಿಟ್ಟು ಬಗ್ಗಿ ನೋಡಿದ.

“ಚಲೋ ಬಂದೈತಿ,” ಎಂದ, ಯಾರ ಮುಖವನ್ನೂ ನೋಡದೆ. “ಹೂಂ, ಮುಂದಿನಾಂವ ಬಾ.”

ಹಿಂದೆ ನಿಂತಿದ್ದವನು ಒಂದು ಹೆಜ್ಜೆ ಮುಂದೆ ಬಂದ.