ಮಂಡಿಗೆ ಕೊಸರು

ನನಗೆ ಅರವತ್ತೆರಡು ವರ್ಷ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಲಗಾಲಿನ ಮಂಡಿ ಈಗ ಲೋಹದ್ದು. ತರೀಕೆರೆಯಲ್ಲಿ ನಮ್ಮದು ತೆಂಗಿನಕಾಯಿ ಮಂಡಿ. ನಮ್ಮ ಯಜಮಾನರು ರಾಜಶೇಖರ್ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾರೆ, ಕಾಯಿ ಎಣಿಸುವುದು ಮೂವತ್ತು ವರ್ಷದಿಂದ ನಾನೇ. ಒಂದು ಮಂಡಿ ನಡೆಸಲು ಹೋಗಿ ಇನ್ನೊಂದು ಮಂಡಿ ಸವೆಸಿಕೊಂಡಳು ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಮೊದಲ ಸಲ ನಾನೂ ನಕ್ಕಿದ್ದೆ.

ಜೂನ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮನೆಗೆ ಬಂದಾಗಿನಿಂದ ಪ್ರತಿ ಸೋಮವಾರ ದ್ಯಾಮಮ್ಮ ಅಮೃತಾಪುರದಿಂದ ಬಸ್ಸು ಹತ್ತಿ ಬಂದು ನನ್ನ ಮಂಚದ ಪಕ್ಕ ಕೂರುತ್ತಿದ್ದಳು. ತೋಟದ ಕಾಯಿ ಮಾರಲು ನಮ್ಮ ಮಂಡಿಗೆ ಬಂದವಳು, ಎಣಿಕೆಯಲ್ಲಿ ಜಗಳ ಆಡಿ ಗೆಳತಿಯಾದವಳು. ಕಾರ್ತಿಕದ ಕಡೆ ಸೋಮವಾರ ನಾನು ಬಸ್ಸಿನಲ್ಲಿ ಅವಳೂರಿಗೆ ಹೋಗುವುದು, ಇಬ್ಬರೂ ದೇವಸ್ಥಾನಕ್ಕೆ ಹೋಗಿ ಬಂದು ಅವಳ ಮನೆಯಲ್ಲಿ ಊಟ ಮಾಡುವುದು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

"ಈ ಸಲ ಕಾರ್ ಮಾಡ್ಕೊಂಡ್ ಹೋಗೇ," ಅಂದರು ಯಜಮಾನರು.

"ಮೂಟೆ ಇಳಿಸಿದ ಹಂಗೆ ನನ್ನ ಇಳಿಸ್ತೀರಾ? ನಾನು ಬಸ್ಸಲ್ಲೇ ಹೋಗೋದು, ಯಾರ ಕೈನೂ ಹಿಡಿಯಲ್ಲ."

ಹೇಳಿದ್ದೇನೋ ಹೇಳಿದೆ. ಬಸ್ಸಿನ ಮೆಟ್ಟಿಲು ಹತ್ತಲಾದೀತೇ ಎಂದು ಒಳಗೊಳಗೇ ಭಯ. ಐದು ತಿಂಗಳಿಂದ ಎಲ್ಲರೂ ನನ್ನನ್ನು ನೋಡಲು ಬರುವವರೇ. ಯಾರನ್ನೂ ನೋಡಲು ನಾನು ಹೋಗಿರಲಿಲ್ಲ. ಅದು ನನಗೆ ನೋವಿಗಿಂತ ಹೆಚ್ಚು ಚುಚ್ಚುತ್ತಿತ್ತು.

ವ್ಯಾಯಾಮ ಹೇಳಿಕೊಡಲು ವಾರಕ್ಕೆ ಎರಡು ಸಲ ದೀಪಶ್ರೀ ಎಂಬ ಫಿಸಿಯೋ ಹುಡುಗಿ ಮನೆಗೆ ಬರುತ್ತಿದ್ದಳು. ಅಜ್ಜಂಪುರದವಳು, ಮಾತು ಕಡಿಮೆ. ಮೊದಮೊದಲು ನಾನು ಟಿವಿ ಹಾಕಿಕೊಂಡು, ಮಧ್ಯೆ ಮಂಡಿಯಿಂದ ಬಂದ ಫೋನಿಗೆ ಕಾಯಿ ರೇಟು ಹೇಳುತ್ತಾ ಕಾಲು ಎತ್ತುತ್ತಿದ್ದೆ. ಒಂದು ದಿನ ಅವಳು ಟಿವಿ ಆರಿಸಿ, ಫೋನ್ ತೆಗೆದು ಕಿಟಕಿಯಲ್ಲಿಟ್ಟಳು.

"ಕಾಲು ಇಲ್ಲಿ, ಜ್ಞಾನ ಅಂಗಡೀಲಿ. ಹಿಂಗ್ ಮಾಡಿದ್ರೆ ತೊಡೆಗೆ ಶಕ್ತಿ ಬರಲ್ಲ ಆಂಟಿ. ಮಂಡಿ ನೋಡ್ಕೊಂಡು ಬಾಯ್ಬಿಟ್ಟು ಎಣಿಸಿ. ಹತ್ತು ಸಲ. ಆಮೇಲೆ ದಿಂಬಿನ ಮೇಲೆ ಕಾಲಿಟ್ಟು ಹದಿನೈದು ನಿಮಿಷ ಐಸ್."

ಎಣಿಸಲು ನನಗೆ ಹೇಳಿಕೊಡಬೇಕೇ? ಕಾಯಿ ಎಣಿಸುವಾಗ ಪಕ್ಕದಲ್ಲಿ ಯಾರೇ ಬಾಯಿಬಿಟ್ಟರೂ ನಾನು ಗದರುತ್ತೇನೆ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ ಬರಬೇಕು. ಅವತ್ತಿನಿಂದ ಬಾಗಿಲು ಹಾಕಿಕೊಂಡು ಕಾಲೆತ್ತಲು ಶುರು ಮಾಡಿದೆ. ಯಜಮಾನರು ಕಾಫಿ ಎಂದು ಒಳಗೆ ಬಂದರೂ ಬೈಸಿಕೊಂಡು ಹೋದರು. ಎರಡೇ ವಾರದಲ್ಲಿ ಕೋಲು ಬಿಟ್ಟೆ. ಅಡುಗೆಮನೆಯ ಹೊಸ್ತಿಲು ದಾಟುವುದು ಸಲೀಸಾಯಿತು.

ಮೂರನೆಯ ವಾರ ಮಂಡಿ ಊದಿಕೊಂಡಿತು. ಕಾರ್ತಿಕದ ಕಡೆ ಸೋಮವಾರಕ್ಕೆ ಇನ್ನು ಹದಿನೆಂಟು ದಿನ. ಮುಟ್ಟಿದರೆ ಬಿಸಿ, ಮಡಿಸಲು ಆಗದು. ದೀಪಶ್ರೀ ಡಾಕ್ಟರಿಗೆ ಫೋಟೋ ಕಳಿಸಿದಳು. ಭಯ ಪಡುವಂಥದ್ದೇನೂ ಇಲ್ಲ, ಶ್ರಮ ಹೆಚ್ಚಾಗಿದೆ, ನಾಲ್ಕು ದಿನ ಬಿಡಲಿ ಎಂದರಂತೆ ಅವರು.

"ಹತ್ತೇ ಸಲ ತಾನೇ ಮಾಡ್ತಿರೋದು?" ಎಂದು ಕೇಳಿದಳು.

"ನೀನ್ ಹೇಳ್ದಷ್ಟೇ ಕಣೇ. ಮೂವತ್ತು ವರ್ಷ ಕಾಯಿ ಎಣಿಸಿದೀನಿ, ಹತ್ತು ಎಣಿಸಕ್ಕೆ ಬರಲ್ವಾ?"

ಅವಳು ಹೋದ ಮೇಲೆ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಕಾರಿನಲ್ಲೇ ಹೋಗಬೇಕಾದೀತು, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಅವತ್ತು ಮಂಡಿಯ ತಮಾಷೆ ಮಾಡಲಿಲ್ಲ.

ಐದನೆಯ ದಿನ ದೀಪಶ್ರೀ ಬಂದು ನನ್ನೆದುರು ಕುರ್ಚಿ ಹಾಕಿಕೊಂಡಳು. "ದಿನಾ ಹೆಂಗ್ ಮಾಡ್ತೀರೋ ಹಂಗೇ ಮಾಡಿ. ನಾನ್ ಸುಮ್ನೆ ನೋಡ್ತೀನಿ."

ನಾನು ಮಂಡಿಯ ಮೇಲೆ ಕಣ್ಣಿಟ್ಟು ಶುರು ಮಾಡಿದೆ. "ಲಾಭ, ಎರಡು, ಮೂರು..." ಹತ್ತಕ್ಕೆ ಬಂದೆ. "ಕೊಸರು," ಎಂದು ಇನ್ನೊಂದು ಸಲ ಎತ್ತಿದೆ. "ಕೊಸರು. ಕೊಸರು..."

"ನಿಲ್ಸಿ, ನಿಲ್ಸಿ. ಏನಿದು?"

"ಕೊಸರು ಕಣೇ. ಎಣಿಸಿದ ಮೇಲೆ ಕೊಸರು ಹಾಕ್ದೆ ಇರಕ್ಕಾಗುತ್ತಾ?"

ನಮ್ಮ ಮಂಡಿಯಲ್ಲಿ ಮೊದಲ ಕಾಯಿಯನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲೆಕ್ಕ ಮುಗಿದ ಮೇಲೆ ಗಿರಾಕಿಗೆ ಬಿಟ್ಟಿಯಾಗಿ ನಾಲ್ಕು ಕಾಯಿ ಕೊಸರು ಹಾಕುತ್ತೇವೆ. ಬರಿ ಲೆಕ್ಕದ ಕಾಯಿ ಕೊಟ್ಟು ಯಾರನ್ನೂ ಕಳಿಸಿದವಳಲ್ಲ ನಾನು. ವ್ಯಾಯಾಮಕ್ಕೂ ಹಾಗೇ ಮಾಡುತ್ತಿದ್ದೆ. ಹತ್ತಕ್ಕೆ ನಾಲ್ಕು ಕೊಸರು, ದಿನಕ್ಕೆ ಮೂರು ಹೊತ್ತು, ಐದು ಬಗೆ. ಅದು ಲೆಕ್ಕಕ್ಕೆ ಸೇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕೊಸರನ್ನು ಯಾರು ಎಣಿಸುತ್ತಾರೆ?

ದೀಪಶ್ರೀ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ನಮ್ಮಜ್ಜನೂ ಹಂಗೇ, ರಾಗಿ ಅಳೆಯುವಾಗ ಲಾಭ ಅಂತಲೇ ಶುರು ಮಾಡೋರು," ಅಂದಳು. ಆಮೇಲೆ, "ಆಂಟಿ, ಕೊಸರು ಕೊಡೋದು ಯಾರಿಗೆ?" ಎಂದು ಕೇಳಿದಳು.

"ಗಿರಾಕಿಗೆ."

"ಇಲ್ಲಿ ಗಿರಾಕಿ ಯಾರು?"

ನಾನು ಕಾಲು ನೋಡಿದೆ. "ಮಂಡಿನೇ ಅಲ್ವಾ."

"ಮತ್ತೆ? ಗಿರಾಕಿ ಕೈಯಿಂದಲೇ ಕೊಸರು ಕಿತ್ಕೊತಾ ಇದೀರಲ್ಲ. ಕೆಲಸ ಲೆಕ್ಕದ್ದು, ಹತ್ತು ಅಂದ್ರೆ ಹತ್ತು. ಕೊಸರು ಕೊಡ್ಲೇಬೇಕು ಅನ್ಸಿದ್ರೆ ವಿಶ್ರಾಂತೀಲಿ ಕೊಡಿ."

ಮೂವತ್ತು ವರ್ಷದ ವ್ಯಾಪಾರವನ್ನು ನನಗೇ ತಿರುಗಿಸಿ ಕಲಿಸಿದ್ದಳು, ಇಪ್ಪತ್ತಾರರ ಹುಡುಗಿ. ಅವತ್ತಿನಿಂದ ಹತ್ತಕ್ಕೆ ಬಾಯಿ ಮುಚ್ಚಿದೆ. ಕೊಸರು ಎಂದು ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಕಾಲನ್ನು ದಿಂಬಿನ ಮೇಲಿಟ್ಟು ಐಸ್ ತೆಗೆದ ಮೇಲೂ ನಾಲ್ಕು ನಿಮಿಷ ಸುಮ್ಮನೆ ಮಲಗುತ್ತಿದ್ದೆ. ಮಧ್ಯಾಹ್ನ ಸುಮ್ಮನೆ ಮಲಗುವುದು ಇಷ್ಟು ಹಿತವೆಂದು ಅರವತ್ತೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ವಾರದಲ್ಲಿ ಊತ ಇಳಿಯಿತು.

ಕಾರ್ತಿಕದ ಕಡೆ ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರು ನನ್ನ ಹಿಂದೆಯೇ ಕೈ ಚಾಚಿಕೊಂಡು ನಿಂತರು. ಕಂಡಕ್ಟರೂ ಮೇಲಿನಿಂದ ಕೈ ಕೊಟ್ಟ. "ಬನ್ನಿ ಅಜ್ಜಿ, ಹಿಡ್ಕೊಳಿ."

"ಕೈ ತೆಗಿಯಪ್ಪ. ಮಾತಾಡ್ಬೇಡ, ಎಣಿಸ್ತಾ ಇದೀನಿ."

ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು ಎಂದು ದೀಪಶ್ರೀ ಪಾಠ ಮಾಡಿಸಿದ್ದಳು. ಕಂಬಿ ಹಿಡಿದು ಎಡಗಾಲು ಇಟ್ಟೆ. ಲಾಭ. ಬಲಗಾಲು ತಾನೇ ಹಿಂದೆ ಬಂತು. ಎರಡು. ಮೂರು. ಒಳಗಿದ್ದೆ. ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಯಜಮಾನರು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದರು.

ಅಮೃತಾಪುರದಲ್ಲಿ ದ್ಯಾಮಮ್ಮ ಸ್ಟಾಪಿಗೇ ಬಂದಿದ್ದಳು. ನಾನು ಆಪರೇಷನ್ ಕಾಲು ಮೊದಲಿಟ್ಟು ಇಳಿಯುವವರೆಗೂ ನನ್ನ ಕಾಲನ್ನೇ ನೋಡುತ್ತಿದ್ದಳು, ಇಳಿದ ಕೂಡಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಂದ್ಬಿಟ್ಯಲ್ಲೇ ವಿಮಲಾ. ಬಾ, ದೇವಸ್ಥಾನ ಮುಗಿಸ್ಕೊಂಡ್ ಬರೋಣ. ಹೋಳಿಗೆ ಆರೋಗುತ್ತೆ."

ಹಳೆಯ ವಿಮಲಾ ಆಗಿದ್ದರೆ ಅವಳಿಗಿಂತ ಮುಂದೆ ಹೆಜ್ಜೆ ಹಾಕುತ್ತಿದ್ದಳು. ನಾನು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಕಾಲು ನೀಡಿ, ಪಕ್ಕದಲ್ಲಿ ಅವಳಿಗೂ ಜಾಗ ಮಾಡಿದೆ.

"ಯಾಕೇ, ನೋಯ್ತಿದ್ಯಾ?"

"ಇಲ್ಲ ಕಣೇ. ಕೂತ್ಕೋ. ಗಿರಾಕಿಗೆ ಕೊಸರು ಕೊಟ್ಟು ಹೋಗೋಣ."